ಕುರಿದನಗಳ ಬೆದೆಯೂ ಅದನ್ನು ನಡೆಸುವ ರಸಗಳೂ

ಜಗಳೂರು ಸೀಮೆಯು ಮಳೆಯನ್ನೇ ನಂಬಿದ ನಾಡು. ಮೆಕ್ಕೆಜೋಳ, ಶೇಂಗಾ, ರಾಗಿ, ಜೋಳ ಇವುಗಳಲ್ಲಿ ಯಾವುದನ್ನು ಬಿತ್ತಿದರೂ, ಆರಿದ್ರೆಯೋ ಪುಷ್ಯವೋ ಕೈಬಿಟ್ಟ ವರ್ಷದಲ್ಲಿ ಹೊಲದಿಂದ ಬರುವ ಹುಟ್ಟುವಳಿಯು ಬಿತ್ತನೆಯ ಖರ್ಚಿಗೂ ಸಾಲದೆ ಹೋಗುವುದುಂಟು. ಅಂಥ ವರ್ಷಗಳಲ್ಲಿ ಸಂಸಾರವನ್ನು ದಡ ಸೇರಿಸತಕ್ಕವು ಕೊಟ್ಟಿಗೆಯಲ್ಲಿರುವ ನಾಲ್ಕಾರು ಎಮ್ಮೆಹಸುಗಳೂ ಕುರಿಯ ಹಿಂಡೂ ಆಗಿರುತ್ತವೆ. ಆದರೆ ಹಾಲಾಗಲಿ ಮರಿಯಾಗಲಿ ದೊರೆಯಬೇಕಾದರೆ ಮೊದಲು ಪ್ರಾಣಿಯು ಬೆದೆಗೆ ಬರಬೇಕು. ಬಂದುದನ್ನು ಯಜಮಾನನು ಕಾಣಬೇಕು. ಹಸುವಿನ ಒಂದು ಬೆದೆಯು ಕಣ್ಣುತಪ್ಪಿ ಹೋದರೆ 21 ದಿವಸ ಹಿಂದೆ ಬಿದ್ದಂತಾಯಿತು. ಎರಡು ತಪ್ಪಿದರೆ 42 ದಿವಸ. ಆ ದಿವಸಗಳಲ್ಲಿ ಹಸುವು ಹಾಲು ಕೊಡುವುದನ್ನು ಮುಂದಕ್ಕೆ ಹಾಕುತ್ತದೆಯೇ ಹೊರತು ಮೇವು ತಿನ್ನುವುದನ್ನು ಮುಂದಕ್ಕೆ ಹಾಕುವುದಿಲ್ಲ.

ಹೀಗಿರುವುದರಿಂದಲೇ “ಬೆದೆ ಬರಿಸುವ ಔಷಧವೇನಾದರೂ ಉಂಟೆ?” ಎಂಬ ಪ್ರಶ್ನೆಯು ಹಳ್ಳಿಹಳ್ಳಿಯಲ್ಲಿಯೂ ಕೇಳಿಬರುತ್ತದೆ. ಉಂಟು ಎಂಬುದೇ ಉತ್ತರ. ಆದರೆ ಔಷಧವು ಯಾವುದರ ಮೇಲೆ ಕೆಲಸ ಮಾಡುತ್ತದೆ, ಅದು ಕೆಲಸ ಮಾಡುವುದಕ್ಕೆ ದೇಹದಲ್ಲಿ ಮೊದಲು ಏನೇನು ಸಿದ್ಧವಾಗಿರಬೇಕು ಎಂಬುದನ್ನು ಅರಿಯದೆ ಕೊಡಿಸಿದ ಔಷಧದಿಂದ ಹಣವು ಹೋಗುವುದು ಖಂಡಿತ. ಕೆಲವು ವೇಳೆ ಕಟ್ಟಿದ ಗಬ್ಬವೂ ಹೋಗುವುದು. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ಸ್ವಲ್ಪ ಬುಡದಿಂದಲೇ ತಿಳಿದುಕೊಳ್ಳುವುದು ಮೇಲು.

ರಕ್ತದಲ್ಲಿ ಹರಿಯುವ ಆಜ್ಞೆಗಳು

ಹೋರಿಗೆ ಬೀಜ ಹೊಡೆಸಿದರೆ ಅದರ ಕೊಬ್ಬು, ಗುಟುರು, ಹಸುವಿನ ಮೇಲಿನ ಹಂಬಲ ಇವೆಲ್ಲವೂ ಕ್ರಮವಾಗಿ ಇಳಿದುಹೋಗುವುದನ್ನು ನಮ್ಮ ರೈತರು ಎಷ್ಟೋ ತಲೆಮಾರುಗಳಿಂದ ಕಂಡವರು. ಹೀಗೇಕಾಗುತ್ತದೆಂಬುದನ್ನು ಪರೀಕ್ಷೆಮಾಡಿ ತೋರಿಸಿದವರು ಜರ್ಮನಿಯ ಗಟಿಂಗೆನ್ ನಗರದ ಬೆರ್ಟೋಲ್ಡ್ ಎಂಬ ಪಂಡಿತರು. 1849ರಲ್ಲಿ ಇವರು ಎಳೆಯ ಹುಂಜಗಳ ಬೀಜಗಳನ್ನು ತೆಗೆದರು. ಕೆಲವು ಹುಂಜಗಳಲ್ಲಿ ಮಾತ್ರ ಬೀಜವನ್ನು ಹೊಟ್ಟೆಯೊಳಗೆ ಬೇರೊಂದು ಸ್ಥಳದಲ್ಲಿ ನೆಟ್ಟರು. ಬೀಜವಿಲ್ಲದ ಹುಂಜಗಳು ಜುಟ್ಟು ಬಾಡಿ, ಕೂಗದೆ, ಹೇಂಟೆಯ ಗೋಜಿಗೆ ಹೋಗದೆ ಬೆಳೆದವು. ಹೊಟ್ಟೆಯಲ್ಲಿ ಬೀಜವಿದ್ದವು ಮಾತ್ರ ಎಲ್ಲ ಹುಂಜಗಳಂತೆಯೇ ಕೂಗಿದವು, ಕಾದಾಡಿದವು, ಹೇಂಟೆಗಳನ್ನು ಅಟ್ಟಿಸಿಕೊಂಡು ಹೋದವು. ನೆಟ್ಟ ಬೀಜಕ್ಕೆ ಹಳೆಯ ನರಗಳ ಸಂಬಂಧವು ಇರಲಿಲ್ಲ. ರಕ್ತದ ಸಂಬಂಧವು ಮಾತ್ರ ಇದ್ದಿತು. ಆದುದರಿಂದ ಬೀಜವು ರಕ್ತಕ್ಕೆ ಏನೋ ಒಂದು ರಸವನ್ನು ಬಿಡುತ್ತಿರಬೇಕು, ಆ ರಸವೇ ನಡತೆಯನ್ನು ಬದಲಾಯಿಸುತ್ತಿರಬೇಕು ಎಂದಾಯಿತು. ಆ ರಸಕ್ಕೆ ಟೆಸ್ಟೊಸ್ಟಿರಾನ್ ಎಂಬ ಹೆಸರು ಬಂದುದು 1935ರಲ್ಲಿ. ಇಂಥ ರಸಗಳಿಗೆ ಒಟ್ಟಾಗಿ ಹಾರ್ಮೋನುಗಳೆಂದು ಹೆಸರು.

ಹೆಣ್ಣಿನಲ್ಲಿ ಮುಖ್ಯವಾದವು ಎರಡು. ಅಂಡಾಶಯದಲ್ಲಿ ಅಂಡವು ಮಾಗುತ್ತಿರುವಾಗ ಅದರ ಸುತ್ತಲಿನ ನೀರುಗುಳ್ಳೆಯು ಈಸ್ಟ್ರೊಜನ್ ಎಂಬುದನ್ನು ರಕ್ತಕ್ಕೆ ಬಿಡುತ್ತದೆ. ಹಸು ಅರಚುವುದು, ಲೋಳೆ ಸುರಿಸುವುದು, ಬೇರೆ ಹಸುವು ಮೇಲೇರಿದಾಗ ಅಲುಗದೆ ನಿಲ್ಲುವುದು ಇವೆಲ್ಲವೂ ಅದರ ಕೆಲಸ. ಅಂಡವು ಹೊರಬಿದ್ದ ಮೇಲೆ ಆ ಗುಳ್ಳೆಯಿದ್ದ ಸ್ಥಳದಲ್ಲಿ ಹಳದಿಯ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ಎಂಬ ಎರಡನೆಯ ರಸವನ್ನು ಬಿಡುತ್ತದೆ. ಇದು ಗಬ್ಬವನ್ನು ಕಾಪಾಡತಕ್ಕ ರಸ; ಇದು ಹೆಚ್ಚಾಗಿರುವವರೆಗೆ ಹೊಸ ಬೆದೆ ಬರುವುದಿಲ್ಲ. ಗಬ್ಬ ನಿಲ್ಲದಿದ್ದರೆ ಗಂಟು ಕರಗುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಮತ್ತೆ ಬೆದೆ ಬರುತ್ತದೆ. ಹಸು, ಎಮ್ಮೆ, ಮೇಕೆಗಳಲ್ಲಿ ಈ ಸುತ್ತು ಸುಮಾರು 21 ದಿವಸ. ಕುರಿಯಲ್ಲಿ ಸುಮಾರು 17 ದಿವಸ.

ಇಲ್ಲಿ ಒಂದು ಸೂಕ್ಷ್ಮವುಂಟು. ಮುಂದಿನ ಮಾತೆಲ್ಲವೂ ಅದರ ಮೇಲೆಯೇ ನಿಂತಿದೆ. ಈ ಎರಡು ರಸಗಳು ಇದ್ದರೆ ಸಾಲದು, ಸರಿಯಾದ ಸರದಿಯಲ್ಲಿ ಬರಬೇಕು. ಪ್ರಯೋಗಶಾಲೆಯ ಹೆಣ್ಣಿಲಿಯಲ್ಲಿ ಮೊದಲು ಈಸ್ಟ್ರೊಜನ್, ಅನಂತರ ಪ್ರೊಜೆಸ್ಟರಾನ್ ಬಂದರೆ ಬೆದೆಯು ಪೂರ್ಣವಾಗುತ್ತದೆ. ಕುರಿಯಲ್ಲಿ ಇದು ತಿರುಗುಮುರುಗು. ಮೊದಲು ಕೆಲವು ದಿವಸ ಪ್ರೊಜೆಸ್ಟರಾನ್ ಇದ್ದು ಇಳಿದಿರಬೇಕು, ಆಮೇಲೆ ಈಸ್ಟ್ರೊಜನ್ ಏರಬೇಕು. ಆ ಮೊದಲ ಹದವಿಲ್ಲದಿದ್ದರೆ ಅಂಡಾಶಯವು ತನ್ನ ಕೆಲಸವನ್ನು ಮಾಡಿ ಅಂಡವನ್ನು ಹೊರಹಾಕಿದರೂ ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕುರಿಯು ಟಗರನ್ನು ಹತ್ತಿರ ಸೇರಿಸುವುದಿಲ್ಲ. ಹದವಾಗದ ನೆಲಕ್ಕೆ ಬಿದ್ದ ಬೀಜದಂತೆ ಆ ಅಂಡವು ವ್ಯರ್ಥವಾಗುತ್ತದೆ. ಇದನ್ನೇ ಮೂಕಬೆದೆ ಎಂದು ಕರೆಯುವುದು. ಕರು ಹಾಕಿದ ಹಸುವಿನಲ್ಲಿ ಮೊದಲನೆಯ ಅಂಡವು ಯಾರಿಗೂ ಕಾಣದಂತೆ ಹೋಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಹಿಂದಿನ ಹಲವು ವಾರಗಳಲ್ಲಿ ಹಳದಿಯ ಗಂಟು ಇಲ್ಲದಿದ್ದುದರಿಂದ ಮೆದುಳಿಗೆ ಹದವು ದೊರೆತಿರುವುದಿಲ್ಲ.

ಮೆದುಳಿನ ತಡೆಗೋಲು

ಹಾಗಾದರೆ ಮೆದುಳಿನಲ್ಲಿ ಈ ರಸಗಳು ಏನು ಮಾಡುತ್ತವೆ? 1948ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದಲ್ಲಿ ರ‍್ಯಾಪೊರ್ಟ್, ಗ್ರೀನ್, ಪೇಜ್ ಎಂಬ ಮೂವರು ರಕ್ತದಿಂದ ಒಂದು ದ್ರವ್ಯವನ್ನು ಬೇರ್ಪಡಿಸಿ ಸಿರೊಟೊನಿನ್ ಎಂದು ಹೆಸರಿಟ್ಟರು. ರಕ್ತನಾಳವನ್ನು ಬಿಗಿಯುವ ವಸ್ತುವೆಂದು ಮೊದಲು ತಿಳಿದಿದ್ದ ಇದು ಮೆದುಳಿನಲ್ಲಿಯೂ ಇದೆಯೆಂಬುದು 1953ರಲ್ಲಿ ಗೊತ್ತಾಯಿತು. ನರದಿಂದ ನರಕ್ಕೆ ಸುದ್ದಿಯನ್ನು ಮುಟ್ಟಿಸುವ ದ್ರವ್ಯಗಳಲ್ಲಿ ಇದೊಂದು. ಹಸಿವು, ನಿದ್ರೆ, ಕೋಪ, ಕೂಡುವ ಬಯಕೆ ಇವುಗಳಿಗೆಲ್ಲ ಇದರ ಸಂಬಂಧವುಂಟು. ಕೂಡುವ ವಿಷಯದಲ್ಲಿ ಇದರ ಕೆಲಸವನ್ನು ಹೆಚ್ಚುಪಾಲು ತಡೆಗೋಲಿಗೆ ಹೋಲಿಸಬಹುದು.

ಈ ತಡೆಗೋಲಿನ ಕಥೆಯಲ್ಲಿ ನಮ್ಮ ದೇಶದ ಗಿಡವೊಂದಕ್ಕೆ ಪಾಲುಂಟು. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಬಹುಕಾಲದಿಂದ ಉಪಯೋಗಿಸುತ್ತ ಬಂದವರು. ರಕ್ತದ ಒತ್ತಡಕ್ಕೆ ಅದರಿಂದ ಆಗುವ ಗುಣವನ್ನು ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ ಅವರು 1949ರಲ್ಲಿ ಇಂಗ್ಲೆಂಡಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನವರು ಬೇರಿನ ಸಾರವಾದ ರಿಸರ್ಪಿನನ್ನು ಬೇರ್ಪಡಿಸಿದರು. 1955ರಲ್ಲಿ ಬ್ರಾಡಿ ಮುಂತಾದವರು, ಈ ರಿಸರ್ಪಿನ್ ಮೆದುಳಿನ ಸಿರೊಟೊನಿನ್ ದಾಸ್ತಾನನ್ನೇ ಬರಿದು ಮಾಡುತ್ತದೆಂದು ತೋರಿಸಿದರು. ಮುಂದೆ 1964ರಲ್ಲಿ ಸ್ವೀಡನ್ನಿನ ಮೆಯರ್ಸನ್ ಎಂಬವರು ಅಂಡಾಶಯ ತೆಗೆದ ಹೆಣ್ಣಿಲಿಗಳಿಗೆ ಈಸ್ಟ್ರೊಜನ್ ಕೊಟ್ಟು, ಪ್ರೊಜೆಸ್ಟರಾನಿಗೆ ಬದಲಾಗಿ ರಿಸರ್ಪಿನ್ ಜಾತಿಯ ಔಷಧವನ್ನು ಕೊಟ್ಟು ನೋಡಿದರು. ಇಲಿಗಳು ಬೆದೆಗೆ ಬಂದಂತೆ ಬೆನ್ನು ಬಗ್ಗಿಸಿ ನಿಂತವು. ಸಿರೊಟೊನಿನ್ ಮೊದಲಾದ ದ್ರವ್ಯಗಳು ಮೆದುಳಿನಲ್ಲಿ ಹೆಚ್ಚಾಗುವಂತೆ ಮಾಡುವ ಔಷಧವನ್ನು ಕೊಟ್ಟಾಗ, ಎರಡು ಹಾರ್ಮೋನುಗಳೂ ಸರದಿಯಂತೆ ದೊರೆತಿದ್ದರೂ ಇಲಿಗಳು ಗಂಡನ್ನು ಒಲ್ಲೆನೆಂದವು. ರಿಸರ್ಪಿನ್ ಬರಿದುಮಾಡುವುದು ಸಿರೊಟೊನಿನ್ ಒಂದನ್ನೇ ಅಲ್ಲವಾದುದರಿಂದ ಎಲ್ಲ ಭಾರವನ್ನೂ ಅದರ ತಲೆಯ ಮೇಲೆ ಹೊರಿಸಲಾಗದು. ಆದರೂ ತಡೆಯೊಂದು ಇದೆಯೆಂಬುದಂತೂ ಗೊತ್ತಾಯಿತು.

ಗಂಡಿನ ಮಾತು ಇನ್ನೂ ಸ್ವಾರಸ್ಯವಾಗಿದೆ. ಸಿರೊಟೊನಿನ್ ತಯಾರಾಗುವುದನ್ನೇ ನಿಲ್ಲಿಸತಕ್ಕ, ಹೆಸರು ಉದ್ದವಾದ ಔಷಧವೊಂದು 1966ರಲ್ಲಿ ಬಳಕೆಗೆ ಬಂದಿತು. ಅದನ್ನು ಗಂಡಿಲಿಗಳಿಗೆ ಕೊಟ್ಟಾಗ ಅವು ಹೆಣ್ಣಿಲ್ಲದಿದ್ದರೂ ಒಂದರ ಮೇಲೊಂದು ಏರತೊಡಗಿದವು. ಇದನ್ನು ಕೇಳಿದ ಯಾರಿಗಾದರೂ ಮೊದಲು ತೋಚುವುದೇನೆಂದರೆ, ಮಂಕಾಗಿ ನಿಂತ ಹೋರಿಗೆ ಇದೇ ತಕ್ಕ ಮದ್ದು ಎಂದು. ಆದರೆ 1970ರಲ್ಲಿ ಇಟಲಿಯ ಗೆಸ್ಸಾ, ತಾಲಿಯಮೊಂಟೆ ಇವರೂ ಹಿಂದೆ ಹೇಳಿದ ಬ್ರಾಡಿಯವರೂ ಕೂಡಿ ಪ್ರಕಟಿಸಿದ ಪರೀಕ್ಷೆಯು ಆ ಆಸೆಗೆ ನೀರೆರಚುತ್ತದೆ. ಬೀಜ ತೆಗೆದ ಇಲಿಗಳಲ್ಲಿ ಈ ಔಷಧವು ಏನೂ ಮಾಡಲಿಲ್ಲ. ಅವುಗಳಿಗೆ ಟೆಸ್ಟೊಸ್ಟಿರಾನನ್ನು ಹೊರಗಿನಿಂದ ಕೊಟ್ಟ ಮೇಲೆಯೇ ಅದು ಕೆಲಸ ಮಾಡಿತು. ಬಂಡಿಯ ತಡೆಯನ್ನು ಸಡಿಲಿಸಬಹುದು, ಆದರೆ ನೊಗಕ್ಕೆ ಎತ್ತನ್ನೇ ಹೂಡದಿದ್ದರೆ ಬಂಡಿಯು ನಿಂತಲ್ಲಿಯೇ ನಿಂತಿರುತ್ತದೆ.

ಇದಕ್ಕೆ ಎದುರಾದ ಪರೀಕ್ಷೆಯೂ ನಡೆದಿದೆ. ಮನುಷ್ಯರ ಮನೋವ್ಯಾಕುಲಕ್ಕೆ ಕೊಡುವ ಫ್ಲುಒಕ್ಸೆಟಿನ್ ಎಂಬ ಔಷಧವು ಸಿರೊಟೊನಿನ್ ತನ್ನ ಸ್ಥಳದಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತದೆ. ಅಂದರೆ ತಡೆಯನ್ನು ಬಿಗಿಮಾಡುತ್ತದೆ. ಇದನ್ನು ತೆಗೆದುಕೊಳ್ಳುವವರಲ್ಲಿ ಅನೇಕರಿಗೆ ದಾಂಪತ್ಯದ ಬಯಕೆಯು ಕುಗ್ಗುವುದನ್ನು ವೈದ್ಯರು ಕಂಡಿದ್ದಾರೆ. ಅಮೆರಿಕದ ಟೆಕ್ಸಸ್ ಮಹಿಳಾ ವಿಶ್ವವಿದ್ಯಾಲಯದಲ್ಲಿ ಲಿಂಡಾ ಅಪ್‌ಹೌಸ್ ಮತ್ತು ಅವರ ಜೊತೆಗಾರರು ಹೆಣ್ಣಿಲಿಗಳಲ್ಲಿ ನೋಡಿದುದೇನೆಂದರೆ, ಈಸ್ಟ್ರೊಜನ್ ಮಾತ್ರ ಪಡೆದ ಇಲಿಯಲ್ಲಿ ಈ ಔಷಧವು ಬೆದೆಯ ನಡತೆಯನ್ನು ಬೇಗನೆ ಅಡಗಿಸುತ್ತದೆ. ಈಸ್ಟ್ರೊಜನ್ನಿನ ಜೊತೆಗೆ ಪ್ರೊಜೆಸ್ಟರಾನನ್ನೂ ಪಡೆದ ಇಲಿಯು ಅದೇ ಔಷಧವನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಒಂದೇ ಔಷಧ, ಒಂದೇ ಪ್ರಮಾಣ. ಫಲ ಮಾತ್ರ ರಕ್ತದಲ್ಲಿ ಆ ದಿವಸ ಯಾವ ಹಾರ್ಮೋನು ಇದೆಯೋ ಅದರಂತೆ. ಇದಲ್ಲದೆ ಸಿರೊಟೊನಿನ್ನನ್ನು ಬರಮಾಡಿಕೊಳ್ಳುವ ಬಾಗಿಲುಗಳು ಮೆದುಳಿನಲ್ಲಿ ಹಲವು ಬಗೆಯಾಗಿವೆ. ಹೆಣ್ಣಿಲಿಯಲ್ಲಿ ಒಂದು ಬಗೆಯ ಬಾಗಿಲು ಬೆದೆಯನ್ನು ತಡೆಯುತ್ತದೆ, ಇನ್ನೊಂದು ಬಗೆಯದು ಅದಕ್ಕೆ ಸಹಾಯಮಾಡುತ್ತದೆ.

ಕುರಿಯಲ್ಲಿ ಇಂಥ ಪರೀಕ್ಷೆಗಳು ಕಡಮೆ, ಆದರೆ ಇಲ್ಲದಿಲ್ಲ. 1986ರಲ್ಲಿ ಅಮೆರಿಕದ ಮೇಯರ್ ಮತ್ತು ಗುಡ್‌ಮನ್ ಅವರು, ಬೆದೆಯಿಲ್ಲದ ಋತುವಿನಲ್ಲಿ ಅಂಡಾಶಯ ತೆಗೆದ ಕುರಿಗಳಿಗೆ ಸಿರೊಟೊನಿನ್ನಿನ ಕೆಲಸವನ್ನು ಅಡ್ಡಗಟ್ಟುವ ಸೈಪ್ರೊಹೆಪ್ಟಡಿನ್ ಎಂಬ ಔಷಧವನ್ನು ಕೊಟ್ಟರು. ಅಂಡಾಶಯವನ್ನು ಎಬ್ಬಿಸತಕ್ಕ ಹಾರ್ಮೋನು ಮೆದುಳಿನ ಬುಡದ ಗ್ರಂಥಿಯಿಂದ ಹೆಚ್ಚುಹೆಚ್ಚಾಗಿ ಹೊರಡತೊಡಗಿತು. ಕುರಿಯ ಋತುವನ್ನು ಕಟ್ಟಿಹಾಕಿರುವ ಹಗ್ಗಗಳಲ್ಲಿ ಒಂದು ಎಳೆ ಸಿರೊಟೊನಿನ್ನಿನದು ಎಂದು ಇದರಿಂದ ತಿಳಿಯಬಹುದು.

ಇಷ್ಟನ್ನು ಓದಿ ಪೇಟೆಯ ಔಷಧದಂಗಡಿಗೆ ಹೊರಡುವ ಉತ್ಸಾಹಿಗಳು ಒಂದು ಕ್ಷಣ ನಿಲ್ಲಬೇಕು. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಅಂಗೈಯಗಲದ ಇಲಿಯಲ್ಲಿ, ಪಂಜರದೊಳಗೆ, ಹಾರ್ಮೋನುಗಳನ್ನು ತೂಕಮಾಡಿ ಕೊಟ್ಟು ನೋಡಿದ ಸಂಗತಿಗಳು. ಕುರಿಗೂ ಇಲಿಗೂ ಹಾರ್ಮೋನಿನ ಸರದಿಯೇ ತಿರುಗುಮುರುಗಾಗಿರುವಲ್ಲಿ, ಇಲಿಯ ಮದ್ದು ಎಮ್ಮೆಗೆ ಒಗ್ಗುವುದೆಂದು ನಂಬುವುದು ಹೇಗೆ? ಸರ್ಪಗಂಧದ ಬೇರನ್ನಾಗಲಿ, ಮನುಷ್ಯರ ಮನೋರೋಗದ ಮಾತ್ರೆಗಳನ್ನಾಗಲಿ ಬೆದೆಗಾಗಿ ದನಗಳಿಗೆ ತಿನ್ನಿಸತಕ್ಕದ್ದಲ್ಲ. ದೇಹದ ಸಿರೊಟೊನಿನ್ನಿನ ಹೆಚ್ಚುಪಾಲು ಕರುಳಿನಲ್ಲಿದೆ; ಅದು ರಕ್ತದಿಂದ ಮೆದುಳಿಗೆ ಹೋಗಲಾರದು. ಆದುದರಿಂದ ಸಿರೊಟೊನಿನ್ನಿನ ಹೆಸರು ಹೇಳಿ ಯಾರಾದರೂ ಪುಡಿಯನ್ನೋ ಟಾನಿಕ್ಕನ್ನೋ ಮಾರಲು ಬಂದರೆ ಕೊಳ್ಳುವವರು ಎಚ್ಚರವಾಗಿರಬೇಕು. ಈ ಪರೀಕ್ಷೆಗಳಿಂದ ಒಕ್ಕಲಿಗನಿಗೆ ದೊರೆಯುವ ಲಾಭವು ಬೇರೆ ತೆರದ್ದು. ಹಾರ್ಮೋನಿನ ಹದವಿಲ್ಲದೆ ಯಾವ ಮದ್ದೂ ಬೆದೆಯನ್ನು ಬರಿಸಲಾರದು; ಹದವಿದ್ದಲ್ಲಿ ಮೆದುಳಿನ ತಡೆಯನ್ನು ತೆಗೆಯಲು ಮದ್ದಿಲ್ಲದ ಉಪಾಯಗಳೂ ಉಂಟು.

ಹಗಲು, ಮಳೆ, ಮೇವು

ಸಿರೊಟೊನಿನ್ನಿಗೂ ಋತುವಿಗೂ ಇನ್ನೊಂದು ನಂಟಿದೆ. ತಲೆಯ ನಡುವಿನ ಚಿಕ್ಕದೊಂದು ಗ್ರಂಥಿಯು ರಾತ್ರಿಯ ಹೊತ್ತಿನಲ್ಲಿ ಸಿರೊಟೊನಿನ್ನನ್ನೇ ಮೆಲಟೊನಿನ್ ಎಂಬ ಬೇರೊಂದು ದ್ರವ್ಯವನ್ನಾಗಿ ಮಾರ್ಪಡಿಸುತ್ತದೆ. ಈ ಮೆಲಟೊನಿನ್ನನ್ನು ಅಮೆರಿಕದ ಲರ್ನರ್ ಎಂಬವರು 1958ರಲ್ಲಿ ಕಂಡುಹಿಡಿದರು. ರಾತ್ರಿಯು ಉದ್ದವಾದಷ್ಟೂ ಮೆಲಟೊನಿನ್ ಹೆಚ್ಚು ಹೊತ್ತು ಹರಿಯುತ್ತದೆ. ಇಂಗ್ಲೆಂಡಿನ ಕುರಿಯು ಇದರಿಂದಲೇ ಚಳಿಗಾಲ ಸಮೀಪಿಸಿತೆಂದು ಅರಿತು ಬೆದೆಗೆ ಬರುತ್ತದೆ. ಜಗಳೂರಿನಲ್ಲಾದರೋ ವರ್ಷದ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಅತಿ ಚಿಕ್ಕದು 11 ಗಂಟೆಗಿಂತ ಸ್ವಲ್ಪ ಹೆಚ್ಚು. ಇಷ್ಟು ಸಣ್ಣ ವ್ಯತ್ಯಾಸವು ನಮ್ಮ ಕುರಿಯನ್ನು ಅಷ್ಟಾಗಿ ಕಟ್ಟಿಹಾಕುವುದಿಲ್ಲ. ಬಳ್ಳಾರಿ ತಳಿಯ ಕುರಿಯು ವರ್ಷದ ಯಾವ ಕಾಲದಲ್ಲಿಯಾದರೂ ಬೆದೆಗೆ ಬರಬಲ್ಲದು. ಅದನ್ನು ಹಿಡಿದು ನಿಲ್ಲಿಸುವುದು ಮೇವಿನ ಕೊರತೆ. ಮಳೆ ಬಿದ್ದು ಹುಲ್ಲು ಚಿಗುರಿ ಹೊಟ್ಟೆ ತುಂಬಿದ ಮೇಲೆ ಹಿಂಡಿನಲ್ಲಿ ಬೆದೆಯು ಹೆಚ್ಚುವುದನ್ನು ಕುರಿಗಾರರು ಚೆನ್ನಾಗಿ ಬಲ್ಲರು. ಎಮ್ಮೆಯು ಮಾತ್ರ ಹಗಲು ಕುಗ್ಗುವ, ತಂಪಾದ ತಿಂಗಳುಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ.

ಈ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿ ಇದಕ್ಕೆ ಒಂದು ಒಳ್ಳೆಯ ನಿದರ್ಶನವುಂಟು. ಗಂಡಿಗೆ ನಾಲ್ಕು ಕೊಂಬುಗಳಿರುವ ಕೊಂಡುಕುರಿಯ ರಕ್ಷಣೆಗಾಗಿಯೇ ಸರ್ಕಾರದವರು 2011ರಲ್ಲಿ ಈ ಕಾಡನ್ನು ವನ್ಯಧಾಮವೆಂದು ಗೊತ್ತುಮಾಡಿದರು. ಈ ಪ್ರಾಣಿಯು ಹಿಂಡಿನಲ್ಲಿರುವುದಲ್ಲ, ಬಹುತೇಕ ಒಂಟಿ. ಕಣ್ಣಿನ ಮುಂದಿನ ಗ್ರಂಥಿಯ ರಸವನ್ನು ಗಿಡಗಳಿಗೆ ಒರಸಿ, ಗೊತ್ತಾದ ಸ್ಥಳಗಳಲ್ಲಿಯೇ ಹಿಕ್ಕೆ ಹಾಕಿ, ವಾಸನೆಯಿಂದಲೇ ತನ್ನ ಇರವನ್ನು ಸಾರುತ್ತದೆ. ಮುಖಾಮುಖಿ ಕಾಣದ ಗಂಡುಹೆಣ್ಣುಗಳು ಹೀಗೆ ಮೂಗಿನ ಮೂಲಕ ಒಂದನ್ನೊಂದು ಅರಿತು ಮಳೆಗಾಲದಲ್ಲಿ ಕೂಡುತ್ತವೆ. ಸುಮಾರು 8 ತಿಂಗಳು ಗಬ್ಬವನ್ನು ಹೊರುತ್ತವೆ. ವಾಸನೆಯೊಂದರಿಂದಲೇ ಮೆದುಳು ಎಚ್ಚರಗೊಳ್ಳುವುದೆಂಬ ಈ ಸಂಗತಿಯನ್ನು ನಮ್ಮ ಕುರಿಯ ವಿಷಯದಲ್ಲಿ ಉಪಯೋಗಿಸಿಕೊಳ್ಳಬಹುದೆಂದು ಮುಂದೆ ಹೇಳಲಾಗುವುದು.

ಮೇವಿನ ಮಾತು ಹಳೆಯದಾದರೂ ಬಿಡುವಂತಿಲ್ಲ. ಬರಿಯ ಒಣಸೊಪ್ಪೆಯನ್ನೂ ಹುಲ್ಲನ್ನೂ ತಿನ್ನುವ ಹಸುವಿಗೆ ರಂಜಕ, ತಾಮ್ರ ಮೊದಲಾದ ಖನಿಜಗಳು ಸಾಲದೆ ಅಂಡಾಶಯವು ನಿದ್ರಿಸುತ್ತದೆ. ಅಂಥ ಹಸುವಿಗೆ ದಿವಸಕ್ಕೆ 30ರಿಂದ 50 ಗ್ರಾಂ ಖನಿಜಮಿಶ್ರಣವನ್ನೂ ತಕ್ಕಷ್ಟು ಹಿಂಡಿಬೂಸಾಗಳನ್ನೂ ಕೊಡದೆ ಸೂಜಿಮದ್ದಿಗೆ ಹಣ ಸುರಿಯುವುದು ವಿವೇಕವಲ್ಲ. ಕರುವು ಸದಾ ಮೊಲೆಗೆ ಬಿದ್ದಿದ್ದರೂ ಬೆದೆಯು ತಡವಾಗುತ್ತದೆ. ಇದು ಮೆದುಳು ಹಾಕುವ ಇನ್ನೊಂದು ತಡೆ.

ಪಶುವೈದ್ಯರ ಕೈಯಲ್ಲಿರುವ ಔಷಧಗಳು

ಇಂದು ಪಶುಚಿಕಿತ್ಸಾಲಯಗಳಲ್ಲಿ ಬೆದೆಗಾಗಿ ಉಪಯೋಗಿಸುವ ಔಷಧಗಳು ಹಾರ್ಮೋನುಗಳೇ ಹೊರತು ಸಿರೊಟೊನಿನ್ ಸಂಬಂಧವಾದುವಲ್ಲ. ಅವುಗಳಲ್ಲಿ ಎರಡನ್ನು ತಿಳಿದಿದ್ದರೆ ಸಾಕು. ಮೊದಲನೆಯದು ಪ್ರೊಜೆಸ್ಟರಾನ್ ಜಾತಿಯ ಔಷಧವನ್ನು ತುಂಬಿದ ಸ್ಪಂಜು. ಸಿಡ್ನಿಯ ರಾಬಿನ್‌ಸನ್ ಎಂಬವರು 1960ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಕುರಿಯ ಯೋನಿಯಲ್ಲಿ ಇದನ್ನು 12ರಿಂದ 14 ದಿವಸ ಇರಿಸಿ ತೆಗೆದು, ಅಂಡವನ್ನು ಬೆಳೆಸುವ ಸೂಜಿಮದ್ದನ್ನು ಕೊಟ್ಟರೆ, ಎರಡು ದಿವಸದ ಸುಮಾರಿಗೆ ಕುರಿಗಳು ಒಟ್ಟಾಗಿ ಬೆದೆಗೆ ಬರುತ್ತವೆ. ಹಿಂದೆ ಹೇಳಿದ ಸರದಿಯನ್ನು ಕೈಯಿಂದ ಮಾಡಿತೋರಿಸುವ ಉಪಾಯವಿದು. ಮೊದಲು ಹದ, ಆಮೇಲೆ ಬಿತ್ತನೆ. ಹಸುಗಳಿಗೂ ಇದೇ ತತ್ತ್ವದ ಸಾಧನವುಂಟು.

ಎರಡನೆಯದು ಪ್ರೊಸ್ಟಾಗ್ಲಾಂಡಿನ್ ಎಂಬ ಸೂಜಿಮದ್ದು. ಇದು ಹಳದಿಯ ಗಂಟನ್ನು ಕರಗಿಸಿ ಬೆದೆಯನ್ನು ತರುತ್ತದೆ. ಆದರೆ ಕರಗಿಸುವುದಕ್ಕೆ ಗಂಟೇ ಇಲ್ಲದಿದ್ದರೆ, ಅಥವಾ ಅದು ಐದಾರು ದಿವಸದ ಎಳೆಯ ಗಂಟಾಗಿದ್ದರೆ, ಮದ್ದು ನೀರಿಗೆ ಸಮಾನ. ಹಸುವು ಗಬ್ಬವಾಗಿದ್ದರೆ ಗಬ್ಬವನ್ನು ಕಾಯುತ್ತಿರುವ ಗಂಟೇ ಕರಗಿ ಕಂದು ಹಾಕಿಬಿಡುತ್ತದೆ. ಹೋರಿ ಹಾರಿದ ದಿವಸವನ್ನು ಬರೆದಿಡದೆ, “ಗಬ್ಬವಿಲ್ಲ” ಎಂದು ಊಹೆಯಿಂದ ಹೇಳಿ ಈ ಮದ್ದನ್ನು ಹಾಕಿಸಿಕೊಂಡು, ಎರಡು ಮೂರು ತಿಂಗಳ ಗಬ್ಬವನ್ನು ತಮ್ಮ ಮಾತಿನಿಂದಲೇ ಕಳೆದುಕೊಂಡವರು ಉಂಟು. ಪಶುವೈದ್ಯರು ಕೈಯಿಟ್ಟು ನೋಡದೆ ಇದನ್ನು ಹಾಕಿಸಕೂಡದು. ಗರ್ಭಿಣಿಯರೂ ಉಬ್ಬಸದ ವ್ಯಾಧಿಯುಳ್ಳವರೂ ಈ ಮದ್ದಿನ ಸೀಸೆಯನ್ನು ಮುಟ್ಟಲೂ ಬಾರದು. ಚರ್ಮದ ಮೂಲಕವೇ ಅದು ದೇಹಕ್ಕೆ ಇಳಿಯುತ್ತದೆ.

ಯಾವ ಔಷಧದಿಂದಲೂ ಸರಿಹೋಗದ ಒಂದು ಸಂಗತಿಯೂ ಉಂಟು. ಹಸುವು ಅವಳಿ ಹಾಕಿ, ಒಂದು ಹೋರಿಗರು, ಒಂದು ಹೆಣ್ಣುಗರು ಆದರೆ, ಆ ಹೆಣ್ಣುಗರುಗಳಲ್ಲಿ ಹತ್ತಕ್ಕೆ ಒಂಬತ್ತು ಬಂಜೆಯಾಗಿರುತ್ತವೆ. ಗರ್ಭದಲ್ಲಿ ಎರಡರ ರಕ್ತವೂ ಬೆರೆತು, ಗಂಡಿನ ಹಾರ್ಮೋನುಗಳು ಹೆಣ್ಣಿನ ಅಂಗಗಳನ್ನು ಕೆಡಿಸಿಬಿಡುವುದೇ ಇದಕ್ಕೆ ಕಾರಣವೆಂದು ಅಮೆರಿಕದ ಲಿಲಿ ಎಂಬವರು 1916ರಲ್ಲಿ ವಿವರಿಸಿದರು. ಇಂಥ ಕರುವನ್ನು ಹಾಲಿನ ಆಸೆಯಿಂದ ಮೂರು ವರ್ಷ ಸಾಕುವುದಕ್ಕೆ ಮೊದಲು ವೈದ್ಯರಿಗೆ ತೋರಿಸುವುದು ಲೇಸು.

ಎಮ್ಮೆಯ ಮೂಕಬೆದೆ

ಹಸುವಿನ ಬೆದೆಯು 12ರಿಂದ 18 ಗಂಟೆ ಇರುವುದು. ಅಂಡವು ಹೊರಬೀಳುವುದು ಬೆದೆ ಮುಗಿದ 10–12 ಗಂಟೆಗಳ ಮೇಲೆ. ಆದುದರಿಂದ ಬೆಳಗ್ಗೆ ಕಂಡ ಬೆದೆಗೆ ಸಂಜೆ, ಸಂಜೆ ಕಂಡುದಕ್ಕೆ ಮರುದಿನ ಬೆಳಗ್ಗೆ ಹೋರಿಯನ್ನು ಬಿಡಬೇಕು ಅಥವಾ ಕೃತಕ ಗರ್ಭಧಾರಣೆ ಮಾಡಿಸಬೇಕು. ಎಮ್ಮೆಯಲ್ಲಿ ಕಷ್ಟವು ಬೇರೆ. ಅದು ಬೇರೆ ಎಮ್ಮೆಯ ಮೇಲೆ ಏರುವುದು ಅಪರೂಪ; ಬೆದೆಯ ಗುರುತುಗಳು ರಾತ್ರಿಯಲ್ಲಿಯೇ ಹೆಚ್ಚು; ಲೋಳೆಯೂ ಹಸುವಿನಂತೆ ಉದ್ದವಾಗಿ ತೂಗುವುದಿಲ್ಲ. ಮೇಲಿಂದ ಮೇಲೆ ಉಚ್ಚೆ ಹೊಯ್ಯುವುದು, ಅರಚುವುದು, ಹಾಲು ಇಳಿಸದಿರುವುದು, ಮೊಲೆ ಬಿಗಿಯುವುದು ಇವುಗಳಿಂದಲೇ ಊಹಿಸಬೇಕು. ಅಂಗಳದಲ್ಲಿ ಒಂದೇ ಒಂದು ಎಮ್ಮೆಯನ್ನು ಕಟ್ಟಿಕೊಂಡವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಗುರುತು ಹೇಳುವ ಜೊತೆಯ ಪ್ರಾಣಿಯೇ ಇಲ್ಲ. ಅಂಥವರು ರಾತ್ರಿ ಮಲಗುವ ಮುನ್ನ ಒಂದು ಸಲ, ಕೋಳಿ ಕೂಗುವ ಹೊತ್ತಿಗೆ ಒಂದು ಸಲ ದೀಪ ಹಿಡಿದು ನೋಡಬೇಕು. ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದ ತಾರೀಖನ್ನು ಬರೆದರೂ ಸರಿಯೆ. 18ನೆಯ ದಿವಸದಿಂದ ಕಣ್ಣು ಅದರ ಮೇಲೆಯೇ ಇರಬೇಕು.

ಟಗರಿನ ವಾಸನೆ

ಇನ್ನು ಮದ್ದಿಲ್ಲದ ಉಪಾಯ. 1944ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಅಂಡರ್‌ವುಡ್ ಮತ್ತು ಅವರ ಜೊತೆಗಾರರು ಒಂದು ವಿಷಯವನ್ನು ಬರೆದರು. ಟಗರಿನಿಂದ ದೂರವಿದ್ದು ಬೆದೆ ನಿಂತಿದ್ದ ಕುರಿಗಳ ನಡುವೆ ಟಗರನ್ನು ಬಿಟ್ಟರೆ, ಕೆಲವು ವಾರಗಳಲ್ಲಿ ಹಿಂಡಿನ ಕುರಿಗಳು ಗುಂಪುಗೂಡಿ ಬೆದೆಗೆ ಬರುತ್ತವೆ ಎಂಬುದು ಅದು. ಇದರ ಒಳಮರ್ಮವನ್ನು ಅನಂತರದವರು ಬಿಡಿಸಿದರು. ಟಗರಿನ ಉಣ್ಣೆಯ ವಾಸನೆಯೂ ಅದರ ಇರವೂ ಕುರಿಯ ಮೆದುಳನ್ನು ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಅಂಡಾಶಯಕ್ಕೆ ಆಜ್ಞೆ ಹೊರಡುತ್ತದೆ. ಎರಡು ಮೂರು ದಿವಸಗಳಲ್ಲಿ ಅಂಡವು ಹೊರಬೀಳುತ್ತದೆ. ಆದರೆ ಇದು ಮೂಕಬೆದೆ. ಹಿಂದೆ ಪ್ರೊಜೆಸ್ಟರಾನಿನ ಹದವಿಲ್ಲದುದರಿಂದ ಕುರಿಯು ಟಗರಿಗೆ ನಿಲ್ಲುವುದಿಲ್ಲ. ಆ ಅಂಡದ ಹಳದಿಗಂಟು ಹದವನ್ನು ಒದಗಿಸಿದ ಮೇಲೆ, ಸುಮಾರು 18ನೆಯ ದಿವಸ ನಿಜವಾದ ಬೆದೆ ಬರುತ್ತದೆ. ಕೆಲವು ಕುರಿಗಳಲ್ಲಿ ಮೊದಲ ಗಂಟು ಐದಾರು ದಿವಸಕ್ಕೇ ಕರಗಿ, ಎರಡನೆಯ ಸಲವೂ ಮೂಕವಾಗಿ ಅಂಡ ಬಿದ್ದು, ಬೆದೆಯು 24ನೆಯ ದಿವಸದ ಸುಮಾರಿಗೆ ಕಾಣುತ್ತದೆ. ಟಗರನ್ನು ಬಿಟ್ಟು ವಾರವಾದರೂ ಏನೂ ಆಗಲಿಲ್ಲವೆಂದು ಅದನ್ನು ಹಿಂದಕ್ಕೆ ಕಟ್ಟುವವರು ಕೈಗೆ ಬಂದ ಫಲವನ್ನು ಬಿಟ್ಟಂತೆ.

ಜಗಳೂರು ಸೀಮೆಯ ಹಿಂಡುಗಳಲ್ಲಿ ಟಗರುಗಳು ವರ್ಷವಿಡೀ ಕುರಿಗಳ ಜೊತೆಯಲ್ಲಿಯೇ ಮೇಯುವ ವಾಡಿಕೆ ಹೆಚ್ಚು. ಸದಾ ಮೂಗಿಗೆ ಬೀಳುವ ವಾಸನೆಯನ್ನು ಮೆದುಳು ಲೆಕ್ಕಿಸುವುದಿಲ್ಲ. ಉಪಾಯವು ಅಲ್ಲಿಗೆ ಕೆಡುತ್ತದೆ. ಅಲ್ಲದೆ ಕಾರ್ತಿಕದಲ್ಲಿ ಗಬ್ಬವಾದ ಕುರಿಯು 150 ದಿವಸಗಳ ಮೇಲೆ ಚೈತ್ರವೈಶಾಖಗಳ ಬಿರುಬಿಸಿಲಿನಲ್ಲಿ, ಹುಲ್ಲುಕಡ್ಡಿಯಿಲ್ಲದ ಕಾಲದಲ್ಲಿ ಮರಿ ಹಾಕುತ್ತದೆ. ತಾಯಿಗೆ ಹಾಲಿಲ್ಲ, ಮರಿಯು ಉಳಿಯುವುದಿಲ್ಲ. ಇದಕ್ಕೆ ಬದಲಾಗಿ ಪುನರ್ವಸು ಮಳೆಯ ಸುಮಾರಿನಲ್ಲಿ, ಅಂದರೆ ಜುಲೈ ನಡುವಿನಲ್ಲಿ ಬೆದೆಯನ್ನು ಕೂಡಿಸಿದರೆ ಮರಿಗಳು ಡಿಸೆಂಬರಿನಲ್ಲಿ ಬೀಳುತ್ತವೆ. ಆಗ ಕೊಯ್ಲಾದ ಹೊಲಗಳಲ್ಲಿ ಕೂಳೆಯೂ ಉದುರಿದ ಕಾಳೂ ಸಿಕ್ಕುವುದರಿಂದ ತಾಯಿಗೆ ಹಾಲು ಬರುತ್ತದೆ. ಹೊಲಕ್ಕೂ ಮಂದೆ ಕೂರಿಸಿದ ಗೊಬ್ಬರ ದೊರೆಯುತ್ತದೆ.

ಇದಕ್ಕಾಗಿ ಮಾಡಬೇಕಾದ ಏರ್ಪಾಡು ಹೆಚ್ಚಿನ ಖರ್ಚಿನದಲ್ಲ. ಮೇ ತಿಂಗಳ ಕೊನೆಯಲ್ಲಿಯೇ ಟಗರುಗಳನ್ನು ಹಿಂಡಿನಿಂದ ಬೇರೆಮಾಡಿ, ವಾಸನೆಯೂ ಕೂಗೂ ಮುಟ್ಟದಷ್ಟು ದೂರದಲ್ಲಿ, ನೆರಳಿರುವ ಸ್ಥಳದಲ್ಲಿ ಒಂದು ತಿಂಗಳಿಗೆ ಕಡಮೆಯಿಲ್ಲದಂತೆ ಕಟ್ಟಬೇಕು. ಊರಿನಲ್ಲಿ ಹಲವು ಹಿಂಡುಗಳಿದ್ದರೆ ಒಬ್ಬನು ಮಾಡಿ ಫಲವಿಲ್ಲ. ಪಕ್ಕದ ರೊಪ್ಪದ ಟಗರು ಎಲ್ಲವನ್ನೂ ಕೆಡಿಸುತ್ತದೆ. ಆದುದರಿಂದ ಗ್ರಾಮದ ಮುಖಂಡರು ಮುಂದಾಗಿ ನಿಂತು, ಊರಿನ ಎಲ್ಲ ಟಗರುಗಳನ್ನೂ ಒಂದೇ ಕಡೆ ಸೇರಿಸಿ ಕಾಯುವ ಏರ್ಪಾಡು ಮಾಡಿಸಬೇಕು. ಟಗರಿನ ಬೀಜದಲ್ಲಿ ವೀರ್ಯವು ಸಿದ್ಧವಾಗುವುದಕ್ಕೆ ಸುಮಾರು 50 ದಿವಸ ಬೇಕಾಗುವುದರಿಂದ, ಬಿಡುವ ಎರಡು ತಿಂಗಳು ಮುಂಚಿನಿಂದ ಅದಕ್ಕೆ ಕಾಳಿನ ಮೇವು ಸಿಕ್ಕಬೇಕು. ಬೇಸಗೆಯ ಕಾವಿಗೆ ಸಿಕ್ಕಿದ ವೀರ್ಯವು ಕೆಲಸಕ್ಕೆ ಬಾರದು. ಕುರಿಗಳಿಗೆ ಟಗರು ಬಿಡುವ ಎರಡು ಮೂರು ವಾರ ಮುಂಚಿನಿಂದ ತಲೆಗೆ 200ರಿಂದ 250 ಗ್ರಾಂ ಜೋಳವನ್ನೋ ಮೆಕ್ಕೆಜೋಳವನ್ನೋ ಕೊಟ್ಟರೆ ಅಂಡಾಶಯವು ಚುರುಕಾಗುತ್ತದೆ. ತೀರ ಬಡಕಲಾದ ಕುರಿಗೆ ಟಗರಿನ ವಾಸನೆಯಾಗಲಿ ಮತ್ತಾವುದಾಗಲಿ ತಾಗುವುದಿಲ್ಲ.

25–30 ಕುರಿಗಳಿಗೆ ಒಂದು ಟಗರಿನಂತೆ ಬಿಡಬೇಕು. ಬೆದೆಗಳು ಒತ್ತಟ್ಟಿಗೆ ಬರುವುದರಿಂದ ಇದಕ್ಕೂ ಕಡಮೆ ಕುರಿಗಳಾದರೆ ಇನ್ನೂ ಒಳ್ಳೆಯದು. ಜೂನ್ ಕೊನೆಯ ವಾರದಲ್ಲಿ ಬಿಟ್ಟ ಟಗರಿನ ಎದೆಗೆ ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಬಳಿದರೆ, ಅದು ಹಾರಿದ ಕುರಿಯ ಬೆನ್ನಿನ ಮೇಲೆ ಗುರುತು ಬೀಳುತ್ತದೆ. ಬಿಟ್ಟ ದಿವಸವನ್ನು ಗೋಡೆಯ ಮೇಲೆ ಬರೆದಿಟ್ಟು, 17ನೆಯ ದಿವಸದಿಂದ 25ನೆಯ ದಿವಸದವರೆಗೆ ಬಣ್ಣವನ್ನು ಎರಡು ದಿವಸಕ್ಕೊಮ್ಮೆ ಹೊಸದಾಗಿ ಬಳಿಯಬೇಕು. ಹೀಗೆ ಕೆಂಪಾದ ಬೆನ್ನುಗಳನ್ನು ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಎಣಿಸಿದರೆ, ಡಿಸೆಂಬರಿನಲ್ಲಿ ಎಷ್ಟು ತಾಯಿಗಳಿಗೆ ಮೇವನ್ನು ಕೂಡಿಡಬೇಕೆಂಬುದು ಆಗಲೇ ತಿಳಿಯುವುದು.